ದೊಡ್ಡವ್ವನ ಎಲೆ, ನನ್ನ ಡಬ್ಬಿ

ಜೂನ್ 2, ಸೋಮವಾರ. ಬೆಳಿಗ್ಗೆ 8

ಕೆಳಗೆ ಹಾಸ್ಟೆಲ್ ಅಡುಗೆಮನೆಯಲ್ಲಿ ಅನ್ನ ಬಸಿದರು. ಹಬೆ ನನ್ನ ಆಫೀಸ್ ರೂಮಿಗೇ ಬಂತು. ಬಾಗಿಲು ಹಾಕಿಕೊಂಡೆ. ಸ್ವಲ್ಪ ಹೊತ್ತಿಗೆ ನಾನೇ ತೆಗೆದೆ.

ತಿಂದದ್ದು ಮೊಳಕೆ ಹುರುಳಿ, ಸೌತೆಕಾಯಿ, ಒಂದು ರಾಗಿರೊಟ್ಟಿ. ಹೊಟ್ಟೆ ಉಬ್ಬಿದೆ. ಹಸಿವು ಮಾತ್ರ ಇದ್ದ ಜಾಗದಲ್ಲೇ ಇದೆ.

ಅಡುಗೆಯ ಗಿಡ್ಡಯ್ಯ ಇಣುಕಿದ. "ಮೇಡಮ್ಮೋರೇ, ಒಂದ್ ಸೌಟು ಅನ್ನ ಆಕ್ಲಾ? ಡಾಕ್ಟ್ರೇನ್ ಕಿಟಕೀಲಿ ನಿಂತವ್ರಾ?"

"ಓಗಯ್ಯ ಸುಮ್ನೆ."

"ಓಯ್ತೀನಿ ಬುಡಿ. ನೀವ್ ಆ ಮೊಳಕೆ ಅಗಿಯಾದ್ ನೋಡುದ್ರೆ ನಮ್ಮನೆ ಎಮ್ಮೆ ನೆಪ್ಪಾಯ್ತದೆ."

ನಕ್ಕೆ. ಇಷ್ಟು ಮಕ್ಕಳಿಗೆ ಅನ್ನ ಹಾಕಿಸುವ ವಾರ್ಡನ್ ನಾನು. ತಟ್ಟೆಯಲ್ಲಿ ಬಿಟ್ಟೆದ್ದ ಅಗುಳನ್ನು ಕಳ್ಳಿಯ ಹಾಗೆ ನೋಡುತ್ತೇನೆ.

ಜೂನ್ 5. ಸಂಜೆ

ಹಾಸನಕ್ಕೆ ಹೋಗಿ ಬಂದೆ. ಕಣ್ಣಿನ ಡಾಕ್ಟರು ಮತ್ತೆ ಅದೇ ಮಾತು. ಸಕ್ಕರೆ ಕಾಯಿಲೆ ಬಲಗಣ್ಣನ್ನು ಅರ್ಧ ತಿಂದಾಗಿದೆ. ಎಡಗಣ್ಣು ಉಳಿಯಬೇಕಾದರೆ ಮಾತ್ರೆ ಒಂದೇ ಸಾಲದು, ಊಟ ಬದಲಾಗಬೇಕು. ಪಾಲಿಶ್ ಅಕ್ಕಿ, ಮೈದಾ, ಬೇಕರಿ, ಪ್ಯಾಕೆಟ್ ತಿಂಡಿ ಎಲ್ಲಾ ಕಟ್. ಇಡೀ ಕಾಳು, ಸೊಪ್ಪು, ರಾಗಿ, ನವಣೆ.

"ನಿಮ್ಮ ಅಜ್ಜಿ ತಿಂತಿದ್ದ ಊಟಕ್ಕೆ ವಾಪಸ್ ಹೋಗಿ ಮೇಡಂ."

ಒಳ್ಳೆ ಹುಡುಗ. ನನ್ನ ಅಜ್ಜಿ ಏನು ತಿನ್ನುತ್ತಿದ್ದಳು ಅಂತ ಅವನಿಗೆ ಯಾರು ಹೇಳಬೇಕು? ಗೌಡರ ಕಣದಲ್ಲಿ ಕೊನೆಗೆ ಗುಡಿಸಿದ್ದು. ಕಲ್ಲು ಮಣ್ಣು ಸಮೇತ. ಅದೂ ಇಡೀ ಕಾಳೇ.

ಬಸ್‌ಸ್ಟ್ಯಾಂಡ್ ಹತ್ತಿರ ಗಾಜಿನ ಬಾಗಿಲಿನ ಅಂಗಡಿ. ಎಸಿಯಲ್ಲಿ ಕೂತಿವೆ — ನವಣೆ, ಸಾಮೆ, ಹಾರಕ. ನಮ್ಮವರು ಬೇರೆ ಗತಿಯಿಲ್ಲದೆ ತಿಂದು, ತಿಂದದ್ದಕ್ಕೆ ನಾಚಿಕೊಂಡದ್ದೆಲ್ಲ ಈಗ ದೊಡ್ಡವರ ಆರೋಗ್ಯ. ಬೈದುಕೊಂಡೇ ಎರಡು ಪ್ಯಾಕೆಟ್ ಕೊಂಡೆ.

ಜೂನ್ 13

ಹಳೇಕೋಟೆ ಹತ್ತಿರದ ನಮ್ಮೂರಿಂದ ಮಂಜೇಶ್ ಫೋನು. ಮಗಳು ವರ್ಷಾಳ ಮದುವೆಯ ಬೀಗರ ಊಟ, ಇಪ್ಪತ್ತೆರಡಕ್ಕೆ. ಅವನ ತಾಯಿ ಬೆಟ್ಟಮ್ಮ — ನನ್ನ ದೊಡ್ಡವ್ವ — ಫೋನು ಕಿತ್ತುಕೊಂಡಳು. "ಲೇ ಜಯಾ, ಮದ್ವೆಗಂತೂ ಡ್ಯೂಟಿ ಅಂದೆ. ಬಾಡೂಟಕ್ ಬರ್ನಿಲ್ಲ ಅಂದ್ರೆ ನಾನೇ ಚನ್ನರಾಯಪಟ್ಣಕ್ ಬಂದ್ ಎಳ್ಕೊಂಡ್ ಓಯ್ತೀನಿ!"

ಅವ್ವ ಸತ್ತ ಮೇಲೆ ಸಾಕಿದವಳು ಇವಳೇ. ಗೌಡರ ಮನೆಯಲ್ಲಿ ಭತ್ತ ಕುಟ್ಟಿ ಸೆರಗಿನ ತುದಿಯಲ್ಲಿ ನುಚ್ಚು ಕಟ್ಟಿಕೊಂಡು ಬರುತ್ತಿದ್ದಳು. ಅಷ್ಟನ್ನೂ ನನಗೇ ಬೇಯಿಸಿ ಹಾಕುವಳು. ನೀನು? ಅಂದರೆ "ನಂಗ್ ಅಸಿವಿಲ್ಲ ಕಣಮ್ಮಿ." ಆ ನುಚ್ಚಿನನ್ನದ ಬಿಸಿ... ಇವತ್ತು ಮಧ್ಯಾಹ್ನ ನವಣೆ ಅಗಿಯುತ್ತಾ ಕಣ್ಣು ಮುಚ್ಚಿ ಅದನ್ನೇ ನೆನೆದೆ. ನಾಲಿಗೆ ಮೋಸಹೋಗಲಿಲ್ಲ.

ಜೂನ್ 22, ಭಾನುವಾರ. ಸಂಜೆ, ಹೊಳೆನರಸೀಪುರ ಬಸ್‌ಸ್ಟ್ಯಾಂಡ್

ಬಸ್ಸಿಲ್ಲ. ಬರೆದೇಬಿಡುತ್ತೇನೆ.

ಶಾಮಿಯಾನ ತುಂಬ ಗಂಡಿನ ಕಡೆಯ ಬೀಗರು. ದೊಡ್ಡವ್ವ ನನ್ನನ್ನು ಅವರ ಪಂಕ್ತಿಯಲ್ಲೇ ಕೂರಿಸಿದಳು — "ನಮ್ಮುಡುಗಿ, ವಾರ್ಡನ್ನು, ಸ್ಟೇಜ್ ಮೇಲ್ ಭಾಸಣ ಮಾಡ್ತಾಳೆ." ಎಲೆ ಹಾಕಿದರು. ಮುದ್ದೆ ಬಂತು. ಬಾಡಿನ ಸಾರಿನ ಬಕೆಟ್ಟು ಬಂತು. ಹಿಂದೆಯೇ ಬಿಳೀ ಅನ್ನ.

ನಾನು ಬ್ಯಾಗಿನಿಂದ ಡಬ್ಬಿ ತೆಗೆದೆ. ನವಣೆ, ಬೇಯಿಸಿದ ಬೀನ್ಸು. ಎಲೆಯ ಪಕ್ಕದಲ್ಲಿಟ್ಟುಕೊಂಡು ಮುಚ್ಚಳ ಬಿಚ್ಚಿದೆ.

ಎದುರಿನ ಬೀಗ ನಕ್ಕ. "ಯಾಕ್ ಮೇಡಮ್ಮೋರೇ, ನಮ್ ಪಂಕ್ತಿ ಊಟ ಆಗಕಿಲ್ವಾ?"

ದೊಡ್ಡವ್ವ ಸೌಟು ಹಿಡಿದು ನಿಂತಿದ್ದಳು. ನನಗೇಂತ ಆರಿಸಿಟ್ಟ ಮೂಳೆ ಆ ಸೌಟಿನಲ್ಲಿತ್ತು.

"ಶುಗರ್ ದೊಡ್ಡವ್ವ, ಕಣ್ಣು..." ಅಂದೆ.

"ಸಕ್ರೆ ಕಾಯ್ಲೆ ಊರಿಗೆಲ್ಲಾ ಅದೆ ಕಣಮ್ಮಿ. ನಂಗೂ ಅದೆ. ಡಬ್ಬಿ ನಿಂದೊಂದೇ." ಸೌಟನ್ನು ಬಕೆಟ್ಟಿಗೆ ಬಿಟ್ಟಳು. "ಎಲೆಕ್ಸನ್ನಿಗೆ ಬತ್ತಾರಲ್ಲ ಬಿಳೀ ಬಟ್ಟೆಯೋರು, ಅವ್ರೂ ಇಂಗೇ. ನಮ್ಮಟ್ಟೀಲಿ ಕೂತ್ಕತಾರೆ, ಅವ್ರ ಡಬ್ಬೀಲಿ ಉಣ್ತಾರೆ."

ನನ್ನ ಎಲೆಯನ್ನು ಖಾಲಿಯಾಗೇ ಎತ್ತಿದರು.

ಎಷ್ಟು ಊರಲ್ಲಿ ದಲಿತ ಸಂಘದ ಮೈಕ್ ಹಿಡಿದು ಕೂಗಿದ್ದೇನೆ — ನಮ್ಮ ಕೇರಿಯ ಅನ್ನ ಮುಟ್ಟದವನು ನಮ್ಮ ಓಟು ಮುಟ್ಟಬಾರದು. ಅರಕಲಗೂಡಿನಲ್ಲಿ ಒಬ್ಬ ಮೆಂಬರನ್ನು ಇದೇ ಮಾತಿಗೆ ವೇದಿಕೆಯಿಂದ ಇಳಿಸಿದ್ದೆವು. ಅರ್ಧ ಮುದ್ದೆ, ಎರಡು ತುಂಡು ಬಾಡು ಉಂಡಿದ್ದರೆ ಯಾವ ಕಣ್ಣು ಹೋಗುತ್ತಿತ್ತು? ರಾಗಿಯೇ ತಾನೇ!

ನಿಜ ಹೇಳಲಾ? ಹೆದರಿದೆ. ಇಷ್ಟು ದಿನದ ಹಸಿವು. ಒಂದು ತುತ್ತು ಒಳಗೆ ಹೋದರೆ ನಿಲ್ಲಿಸುವುದಿಲ್ಲ, ಆ ಅನ್ನದ ಪಾತ್ರೆಗೇ ಕೈ ಹಾಕುತ್ತೇನೆ ಅಂತ ಹೆದರಿದೆ. ಅದನ್ನು ಪಂಕ್ತಿಯಲ್ಲಿ ಹೇಗೆ ಹೇಳಲಿ?

ಜುಲೈ 9

ದೊಡ್ಡವ್ವ ಫೋನು ಎತ್ತುತ್ತಿಲ್ಲ. ಮಂಜೇಶ್ ಎತ್ತುತ್ತಾನೆ. "ಅವ್ವ ಒಲದಲ್ ಅವ್ಳೆ ಅಕ್ಕ." ಮಳೆ ಹೊಯ್ಯುತ್ತಿದೆ. ಯಾವ ಹೊಲ?

ಮೊದಲು ಅನ್ನ ಬೇಕು ಅನ್ನಿಸುತ್ತಿತ್ತು. ಈಗ ಅವಳು ಬಡಿಸಿದ ಅನ್ನವೇ ಬೇಕು ಅನ್ನಿಸುತ್ತದೆ.

ಜುಲೈ 24

ಶುಗರ್ ಇಳಿದಿದೆ. ಡಾಕ್ಟರು ಕೈ ಕುಲುಕಿದರು. ಎಡಗಣ್ಣು ಸದ್ಯ ಹಾಗೇ ನಿಂತಿದೆ, ಹೀಗೇ ಮುಂದುವರಿಸಿ ಅಂದರು. ಖುಷಿಪಡಬೇಕು. ಯಾರಿಗೆ ಹೇಳಲಿ ಅಂತ ಫೋನು ತೆಗೆದು... ಮತ್ತೆ ಇಟ್ಟೆ.

ಆಗಸ್ಟ್ 10, ಭಾನುವಾರ

ತಡೆಯಲಾಗಲಿಲ್ಲ. ಹೋದೆ.

ದೊಡ್ಡವ್ವ ಅವರೆಗಿಡದ ಕಳೆ ತೆಗೆದು ಬಂದು ಕಾಲು ತೊಳೆಯುತ್ತಿದ್ದಳು. "ಬನ್ನಿ" ಅಂದಳು. ಬನ್ನಿ! ಹುಟ್ಟಿದಾಗಿನಿಂದ ಆ ಬಾಯಲ್ಲಿ ಬಹುವಚನ ಕೇಳಿಲ್ಲ. ಚಾಪೆ ಹಾಸಿದವಳು ಅದನ್ನು ಮಡಚಿ, ಪಕ್ಕದ ಮನೆಯಿಂದ ಪ್ಲಾಸ್ಟಿಕ್ ಚೇರು ತರಿಸಿದಳು. ಮಂಜೇಶನನ್ನು ಅಂಗಡಿಗೆ ಓಡಿಸಿದಳು.

ಸ್ಟೀಲ್ ತಟ್ಟೆಯಲ್ಲಿ ಒಂದು ಬಿಸ್ಕತ್ ಪೊಟ್ಟಣ, ಒಂದು ಬಾಟ್ಲಿ ನೀರು.

"ಕುಡೀರಿ. ಸೀಲು ಒಡ್ದಿಲ್ಲ. ನಾವ್ ಮುಟ್ಟಿಲ್ಲ."

ಊಟ ಆಯ್ತಾ ಅಂತ ಕೇಳಲಿಲ್ಲ. ಒಳಗೆ ಒಲೆ ಉರಿಯುತ್ತಿತ್ತು. ಹುರುಳಿ ಬಸ್ಸಾರಿನ ಒಗ್ಗರಣೆ. ಕೂತೆ. ಚೇರು ಮೈಗೆ ಚುಚ್ಚುತ್ತಿತ್ತು. ಎದ್ದು ಬಂದೆ. ನನ್ನವರೇ ನನಗೆ ಕೊಟ್ಟ ಶಿಕ್ಷೆ ಇದು. ನಾವು ಮುಟ್ಟಿದ್ದನ್ನು ಉಣ್ಣದ ಮೇಲಿನ ಜಾತಿಯವರಿಗೆಂದು ನಾವೇ ಕಲಿತ ಉಪಚಾರ.

ಆಗಸ್ಟ್ 31, ಭಾನುವಾರ. ಮಧ್ಯಾಹ್ನ, ದೊಡ್ಡವ್ವನ ಜಗಲಿ

ಬೆಳಿಗ್ಗೆಯಿಂದ ಏನೂ ತಿಂದಿಲ್ಲ. ಡಾಕ್ಟರು ಬೈಯುತ್ತಾರೆ. ಬೈಯಲಿ.

ಬಸ್ಸಿನುದ್ದಕ್ಕೂ ಒಂದೇ ಯೋಚನೆ. ನಮ್ಮ ಕೇರಿಯಲ್ಲಿ ನೆಂಟರಿಗೆ ಕರೆದು ಇಕ್ಕುತ್ತಾರೆ. ನೆಂಟರು ಎಷ್ಟು ಹಸಿದರೂ ಕೇಳುವುದಿಲ್ಲ, ಮರ್ಯಾದೆ. ಬಾಯಿಬಿಟ್ಟು ಕೇಳಿ ಉಣ್ಣುವವರು ಮನೆ ಮಕ್ಕಳು ಮಾತ್ರ. ಎರಡು ಸಲವೂ ನಾನು ನೆಂಟರ ಹಾಗೆ ಕೂತಿದ್ದೆ.

ಮತ್ತೆ ಚೇರು ಬಂತು. ಕೂರಲಿಲ್ಲ. ಹೊಸಿಲ ಹತ್ತಿರ ನೆಲದ ಮೇಲೆ ಕೂತೆ. "ದೊಡ್ಡವ್ವ, ಹೊಟ್ಟೆ ಅಸೀತಾ ಅದೆ. ತಲೆ ಸುತ್ತಾ ಅದೆ. ಇಕ್ಕು."

ಅವಳು ನನ್ನ ಬ್ಯಾಗಿನ ಕಡೆ ನೋಡಿದಳು. "ನಿಮ್ ಡಬ್ಬಿ?"

"ತಂದಿಲ್ಲ. ಅನ್ನ ಒಂದೇ ಸೌಟು ಆಕು. ಮಿಕ್ಕಿದ್ದು ಮುದ್ದೆ. ಜಾಸ್ತಿ ಕೇಳುದ್ರೆ ಕೈ ಮೇಲ್ ಒಡಿ. ನಂಗ್ ನಿಲ್ಸಾಕ್ ಬರಾಕಿಲ್ಲ, ಅದ್ಕೇ ಅವತ್ ಉಣ್ನಿಲ್ಲ."

ಒಳಗೆ ಹೋಗಿದ್ದಾಳೆ. ಎಷ್ಟು ಹೊತ್ತಾಯಿತು. ಪುಸ್ತಕ ತೆಗೆದು ಬರೆಯುತ್ತಾ ಕೂತಿದ್ದೇನೆ, ಕೈಗೆ ಬೇರೆ ಕೆಲಸ ಬೇಕಲ್ಲ. ಒಳಗೆ ಮಂಜೇಶ್: "ಅಂಗಡಿಗ್ ಓಗ್ಲೇನವ್ವ?" ಅವನು ಹೊರಗೆ ಬರಲಿಲ್ಲ.

ಮುಚ್ಚಳದ ಸದ್ದು. ಅನ್ನದ ಹಬೆ... ಒಂದು ಸೌಟಿಗೆ ನಿಲ್ಲುತ್ತೇನಾ? ಗೊತ್ತಿಲ್ಲ. ಹೊಡೆಯುತ್ತಾಳಾ? ಹೊಡೆಯಲಿ ದೇವರೇ —

"ಏನೇ ಅದು ಗೀಚಾದು? ಎತ್ತಿಡಮ್ಮಿ ಅತ್ಲಾಗೆ. ಕೈ ತೊಳ್ಕ ಬಾ."

ಕೈ ತೊಳೆಯಬೇಕು. ಎದ್ದೆ.