ಆರು ಮನೆಯ ಹೆಗಲು

೧೯೩೯, ಡಿಸೆಂಬರ್ ೧೧

ಹಸುಗಳಿಗೆ ಹುಲ್ಲು ಹಾಕಿದೆ. ಹಾಲು ಕಡಿಮೆ. ಕೆಳಮನೆಯ ನೋಟ್‌ಬುರ್ಗಾಳ ಹೆಣಕ್ಕೆ ಯಾರೂ ಹೆಗಲು ಕೊಡಲಿಲ್ಲ. ನೆರೆಯ ಆರು ಮನೆಯವರೇ ಹೊರಬೇಕು, ಅಜ್ಜಂದಿರ ಕಟ್ಟಳೆ. ನಾನೇ ಬೇಡವೆಂದೆ. ಉಳಿಯುವುದೋ ಹೋಗುವುದೋ, ಇಲ್ಲಿನ ಜರ್ಮನ್ ಮಾತಿನವರೆಲ್ಲ ಈ ತಿಂಗಳೊಳಗೆ ಸಹಿ ಹಾಕಬೇಕು. ಅವಳು ಬಿಳಿ ಕಾಗದಕ್ಕೆ ಸಹಿ ಹಾಕಿದವಳು — ಇಟಲಿಯಲ್ಲೇ ಉಳಿಯುತ್ತಾಳಂತೆ! ನಾವೆಲ್ಲ ಕಿತ್ತಳೆ ಕಾಗದದವರು. ಬೇಸಿಗೆಗೆ ಗಡಿ ದಾಟಿ ಜರ್ಮನಿಗೆ.

ಅವಳ ಮಗ ವಿನ್ಸೆಂಟ್ಸ್ ಒಬ್ಬನೇ ಶವಪೆಟ್ಟಿಗೆಯನ್ನು ಸೌದೆಯ ಜಾರುಬಂಡಿಯಲ್ಲಿ ಎಳೆದ. ತಿರುವಿನಲ್ಲಿ ಪೆಟ್ಟಿಗೆ ಜಾರಿ ಹಳ್ಳಕ್ಕೆ. "ಉಳೀತೀನಿ ಅಂದಳಲ್ಲ, ಅಲ್ಲೇ ಉಳೀಲಿ ಬಿಡ್ರೋ!" ಎಂದೆ. ಎಲ್ಲರೂ ಬಿದ್ದು ಬಿದ್ದು ನಕ್ಕರು.

ಅಮ್ಮ ಕಿಟಕಿಯಿಂದ ನೋಡಿದಳು. ಸಂಜೆ ನನಗೆ ಊಟ ಬಡಿಸಲಿಲ್ಲ.

ಡಿಸೆಂಬರ್ ೩೦

ಅಮ್ಮ ಒಬ್ಬಳೇ ಕಚೇರಿಗೆ ಹೋಗಿ ಬಿಳಿಗೆ ಸಹಿ ಹಾಕಿ ಬಂದಿದ್ದಾಳೆ. ಹುಚ್ಚು ಮುದುಕಿ. ಕೂಗಾಡಿದೆ.

"ನಿಮ್ಮಪ್ಪ ಇಲ್ಲಿ ಮಣ್ಣಲ್ಲಿದಾನೆ ಕಣೋ. ನನ್ನ ಅವನ ಪಕ್ಕ ಮಲಗ್ಸು, ಆಮೇಲೆ ಎಲ್ಲಿಗಾದ್ರೂ ಹಾಳಾಗಿ ಹೋಗು."

ಊರಿಗೆಲ್ಲ ಗೊತ್ತಾಗಿದೆ. ಮಾನ ಹೋಯಿತು.

೧೯೪೦, ಜನವರಿ ೨೨

ಅಮ್ಮ ಹೋದಳು. ಎದೆಯಲ್ಲಿ ಕಫ. ಇಗರ್ಜಿಯ ದಾರಿ ಹಿಮದಲ್ಲಿ ಮುಚ್ಚಿದೆ. ಚಳಿಗಾಲದಲ್ಲಿ ಸತ್ತವರನ್ನೆಲ್ಲ ಇಡುವ ಹಾಗೆ ಪೆಟ್ಟಿಗೆಯಲ್ಲಿ ಮಲಗಿಸಿ ಅಟ್ಟದಲ್ಲಿಟ್ಟೆ, ದಾರಿ ಬಿಡುವತನಕ. ಕೈ ಜೋಡಿಸಿ ಜಪಮಾಲೆ ಸುತ್ತಿದೆ. ಅತ್ತುಬಿಟ್ಟೆ.

ಮಾರ್ಚ್ ೨

ದಾರಿ ಬಿಟ್ಟಿತು. ಹೆಗಲು ಕೇಳಲು ಹೋದರೆ ಪಕ್ಕದ ಮನೆಯ ಪ್ಲಾಂಗರ್ ಮಾವ ನನ್ನನ್ನು ಬಾಗಿಲಲ್ಲೇ ನಿಲ್ಲಿಸಿದ.

"ಬಿಳಿ ಹೆಣ ನಾವು ಹೊರಲ್ಲ, ಕಸ್ಸಿಯಾನ್. ಈ ಕಟ್ಟಳೆ ನೀನೇ ಶುರು ಮಾಡಿದ್ದು."

"ನಮ್ಮಮ್ಮ ಅವಳು, ಮಾವ... ನಿನಗೂ ಅನ್ನ ಹಾಕಿದವಳು."

"ಹಾಗಾದ್ರೆ ಅವಳ ಕೈಗೊಂದು ಕಿತ್ತಳೆ ಕಾಗದ ಕೊಡು. ಮುಚ್ಚಳ ತೆಗೆದು ತೋರ್ಸು. ಆರು ಮನೆಯೂ ಬರ್ತೀವಿ."

ತಮಾಷೆ ಅಂದುಕೊಂಡೆ. ಅವನು ನಗಲಿಲ್ಲ.

ವಿನ್ಸೆಂಟ್ಸ್ ಹತ್ತಿರ ಹೋದೆ. ಮರ ಸೀಳುತ್ತಿದ್ದ, ತಲೆ ಎತ್ತಲಿಲ್ಲ. "ಜಾರುಬಂಡಿ ಅಲ್ಲಿದೆ, ತಗೊಂಡ್ಹೋಗು. ತಿರುವಲ್ಲಿ ಹುಷಾರು."

ಬರಿಗೈಯಲ್ಲಿ ಬಂದೆ. ಆ ತಿರುವು ನನ್ನಿಂದ ಆಗದು. ಅವರು ನಗುತ್ತಾರೆ.

ಮಾರ್ಚ್ ೩, ಬೆಳಿಗ್ಗೆ ಎಂಟು

ಅಟ್ಟದಲ್ಲಿ ಅಮ್ಮನ ಪೆಟ್ಟಿಗೆಯ ಪಕ್ಕ ಕೂತು ಬರೆಯುತ್ತಿದ್ದೇನೆ. ನನ್ನ ಕಿತ್ತಳೆ ಕಾಗದದ ಪ್ರತಿ ತಂದಿದ್ದೇನೆ. ಅಂಗಳದಲ್ಲಿ ಆರು ಜನ ಟೋಪಿ ತೆಗೆದು ನಿಂತಿದ್ದಾರೆ, ಕಪ್ಪು ಕೋಟು, ಎಷ್ಟು ಮರ್ಯಾದೆ! ಅಮ್ಮನ ಜೋಡಿಸಿದ ಕೈ ಬಿಡುತ್ತಿಲ್ಲ, ಚಳಿಗೆ ಹೆಪ್ಪುಗಟ್ಟಿ ಕಲ್ಲಾಗಿದೆ. ಬಿಸಿನೀರು ಹಾಕಿದೆ. ಆಗಲಿಲ್ಲ.

"ಆಯ್ತೇನೋ?" ಪ್ಲಾಂಗರ್ ಮಾವ.

"ಆಯ್ತು, ಬಂದೆ!"

ಎರಡು ಬೆರಳು ಮುರಿದೆ. ಕಾಗದ ಇನ್ನೂ ನಿಲ್ಲುತ್ತಿಲ್ಲ. ಮೂರನೆಯದರಲ್ಲಿ ಉಂಗುರವಿದೆ, ಅಪ್ಪ ತೊಡಿಸಿದ್ದು.