ಮೂಸಾ ಎಲ್ಲಿದ್ದಾನೆಂದು ಲಾಮಿನ್‌ಗೆ ಹೇಳಿ

ಮಾನ್ಯ ರಕ್ಷಣಾ ಸಚಿವರೇ,

ಸತ್ತ ಸೈನಿಕರ ಅಂಗಿಯನ್ನು ಒಗೆದು ಬದುಕಿರುವವರಿಗೆ ತೊಡಿಸುತ್ತಿದ್ದೀರಿ. ಆಫ್ರಿಕಾದ ನಿಮ್ಮ ಪುಟ್ಟ ದೇಶಕ್ಕೆ ವಿಜಯಪುರದ ಈ ಕನ್ನಡ ಪತ್ರಿಕೆ ತಲುಪುವುದಿಲ್ಲ, ಬಲ್ಲೆ. ಗುಂಡುಗಳು ಮುಗಿದಿವೆ ಎಂದು ನಿಮ್ಮದೇ ಗಡಿಠಾಣೆಯವರು ಕೂಗಿದ್ದಾದರೂ ನಿಮಗೆ ತಲುಪಿತೇ?

ನಾನು ಸಾರವಾಡದವನು. ಶಾಂತಿಪಡೆಯ ಹವಾಲ್ದಾರನಾಗಿ ನಿಮ್ಮಲ್ಲಿದ್ದೆ. ನಿಮ್ಮ ಸೇನೆಯಲ್ಲಿ ಲಾರಿಗಳಿಗಿಂತ ಜನರಲ್‌ಗಳೇ ಹೆಚ್ಚು. ಲಾರಿಗಳಾದರೂ ತಳ್ಳಿದರೆ ಮುಂದೆ ಹೋಗುತ್ತಿದ್ದವು. ಗಡಿಠಾಣೆಯ ನಿಮ್ಮ ಸೈನಿಕ ಮೂಸಾನಿಗೆ ಇದ್ದದ್ದು ಒಂದೇ ಅಂಗಿ. ಮುಳ್ಳುಕಂಟಿಗೆ ಸಿಕ್ಕು ಭುಜ ಹರಿದಾಗ, ನಮ್ಮವ್ವ ಮುದುಕವ್ವ ಹಳೆ ಸೀರೆಗಳಿಂದ ಹೊಲಿದುಕೊಟ್ಟಿದ್ದ ಕೌದಿಯ ಅಂಚನ್ನೇ ಕತ್ತರಿಸಿ, ಆ ಕೆಂಪು ತುಂಡಿನಿಂದ ತೇಪೆ ಹಾಕಿಕೊಟ್ಟೆ. ಅಂದಿನಿಂದ ಮೂಸಾ ಫೋನಿನಲ್ಲಿ ನಮ್ಮವ್ವನಿಗೆ ‘ಅವ್ವಾ’ ಅನ್ನತೊಡಗಿದ.

ನಾನು ಊರಿಗೆ ಮರಳಿದ ಮೇಲೆ ಆ ಠಾಣೆಯ ಮೇಲೆ ದಾಳಿಯಾಯಿತು. ಮೂಸಾ ನಾಪತ್ತೆ ಎಂದು ನಿಮ್ಮ ಕಚೇರಿ ಹೇಳಿತು. ಎಂಥ ಅಚ್ಚುಕಟ್ಟಾದ ಪದ ಸ್ವಾಮಿ! ನಾಪತ್ತೆಯಾದವನಿಗೆ ಗೋರಿ ತೋಡಬೇಕಿಲ್ಲ, ಯಾರೂ ತಲೆ ತಗ್ಗಿಸಬೇಕಿಲ್ಲ. ಆ ಪದವನ್ನು ನಂಬಿದವನು ಅವನ ತಮ್ಮ ಲಾಮಿನ್. ಅಣ್ಣನನ್ನು ಹುಡುಕಲೆಂದೇ ನಿಮ್ಮ ಸೇನೆ ಸೇರಿ, ಅದೇ ಠಾಣೆಯನ್ನು ಕೇಳಿ ಪಡೆದ. ಕಳೆದ ವಾರ ಅಲ್ಲಿಂದ, ನೀವು ಕೊಟ್ಟ ಸಮವಸ್ತ್ರದಲ್ಲಿ ಹೆಮ್ಮೆಯಿಂದ ನಿಂತು ನನಗೊಂದು ಫೋಟೊ ಕಳಿಸಿದ.

ಅವ್ವ ಫೋನನ್ನು ಕಣ್ಣಿಗೆ ಹತ್ತಿರ ಹಿಡಿದಳು.

"ಇದು ನನ್ನ ಕೌದಿ ತುಂಡ ಅಲ್ಲೇನೋ? ಅಂಗಿ ಇಲ್ಲೈತಿ, ಮೂಸಾ ಎಲ್ಲಿ ಅದಾನ?"

ಲಾಮಿನ್‌ನ ಭುಜದ ಮೇಲಿದ್ದ ಆ ಕೆಂಪು ತೇಪೆಯನ್ನು ದೊಡ್ಡದು ಮಾಡಿ ನೋಡಿದೆ. ತೇಪೆಯ ಕೆಳಗೆ, ಎದೆಯ ಮೇಲೆ, ದುಂಡನೆಯ ತೂತೊಂದನ್ನು ಬಿಳಿ ದಾರದಲ್ಲಿ ಯಾರೋ ಹೊಲಿದಿದ್ದರು. ಅವ್ವ ಅದರ ಮೇಲೆ ಬೆರಳಿಟ್ಟಳು.

"ಇದನ್ನ ಮುಳ್ಳು ಹರದಿಲ್ಲೋ ಯಪ್ಪಾ," ಅಂದಳು.

ಆಮೇಲೆ ಆಕೆ ಊಟಕ್ಕೆ ಏಳಲಿಲ್ಲ. ನನಗೋ, ಬಬಲೇಶ್ವರದ ಸಂತೆಯಲ್ಲಿ ಮಿಲಿಟರಿ ಬಣ್ಣದ ಅಂಗಿ ತೊಟ್ಟವರು ಎದುರಾದರೂ ಕಣ್ಣು ಮೊದಲು ಅವರ ಎದೆಗೆ ಹೋಗುತ್ತದೆ. ಭಯವಾಗುತ್ತದೆ, ಸಚಿವರೇ. ಆ ಅಂಗಿಯನ್ನು ಇನ್ನೆಷ್ಟು ಸಲ ಒಗೆಯಬೇಕೆಂದಿದ್ದೀರಿ?

ಮೂಸಾ ಸತ್ತಿದ್ದಾನೆಂದು ಒಪ್ಪಿಕೊಳ್ಳಿ. ಎಲ್ಲಿ ಮಣ್ಣು ಮಾಡಿದಿರೆಂದು ತೋರಿಸಿ. ಗುಂಡು ಕೊಡಲಾಗದಿದ್ದರೆ ಲಾಮಿನ್‌ನನ್ನು ಅವನ ತಾಯಿಯ ಬಳಿಗೆ ಕಳಿಸಿ; ಆಕೆಗೆ ಉಳಿದಿರುವವನು ಅವನೊಬ್ಬನೇ. ಹುಡುಕಾಟಕ್ಕೆ ಅನುಕೂಲವಾಗಲೆಂದು ಅವನು ನಿನ್ನೆ ನನ್ನನ್ನು ಒಂದು ಮಾತು ಕೇಳಿದ: ಅಣ್ಣ ಯಾವ ಅಂಗಿ ತೊಡುತ್ತಿದ್ದ? ಉತ್ತರ ನೀವು ಕೊಡಿ. ನನ್ನಿಂದ ಆಗುತ್ತಿಲ್ಲ.

ಇಂತಿ,
ನಿಮ್ಮ ಸೇನೆಗೆ ಒಮ್ಮೆ ಸೆಲ್ಯೂಟ್ ಹೊಡೆದಿದ್ದ
ಭೀಮಾಶಂಕರ, ನಿವೃತ್ತ ಹವಾಲ್ದಾರ, ಸಾರವಾಡ