ಕಲಂದರನ ಅರ್ಧ ಮಾತು

ಖಾನಾಪುರ
2 ಡಿಸೆಂಬರ್ 2025

ಚಿರಂಜೀವಿ ಶಶಿಧರನಿಗೆ ಅವ್ವನ ಆಶೀರ್ವಾದ. ಇದನ್ನು ಮೊದಲೇ ಬರೆದುಬಿಡುತ್ತೇನೆ, ಮುಂದೆ ಬರೆಯುತ್ತಾ ಹೋದರೆ ಮನಸ್ಸು ಬಂದೀತೋ ಇಲ್ಲವೋ.

ಹೇಗಿದ್ದೀ? ಬಿಪಿ ಗುಳಿಗೆ ತಪ್ಪಿಸುತ್ತಿಲ್ಲ ತಾನೆ? ಸೊಸೆ ಮೇಘಾಳ ಮೊಣಕಾಲು ನೋವು ಕಡಿಮೆಯಾಯಿತೇ? ಎಳ್ಳೆಣ್ಣೆ ಬಿಸಿ ಮಾಡಿ ಹಚ್ಚಿಕೊಳ್ಳಲು ಹೇಳು. ನಾನು ಆರಾಮ ಇದ್ದೇನೆ. ಖಾನಾಪುರದಿಂದ ಬೆಳಗಾವಿಯ ನಿನ್ನ ಟಿಳಕವಾಡಿಗೆ ಒಂದು ತಾಸಿನ ದಾರಿ, ಅದಕ್ಕೂ ಪತ್ರವೇ ಎಂದು ನಗಬೇಡ. ಫೋನ್ ಮಾಡಿದರೆ “ಅವ್ವಾ, ಹುಡುಗೂರಿಗೆ ಪಾಠ ನಡದೈತಿ, ಆಮ್ಯಾಲೆ ಮಾಡ್ತೀನಿ” ಎಂದು ಇಟ್ಟುಬಿಡುತ್ತೀ. ಪತ್ರದ ನಡುವೆ ಬಾಯಿ ಹಾಕಲು ನಿನಗೆ ಬರುವುದಿಲ್ಲ.

ಹೋದ ವಾರ ಕಣ್ಣು ತೋರಿಸಲು ಬೆಳಗಾವಿಗೆ ಹೊರಟಿದ್ದೆ. ಸೈನ್ಯಕ್ಕೆ ಸೇರಿಸಲೆಂದು ನೀನು ತಯಾರು ಮಾಡುತ್ತೀಯಲ್ಲ, ಆ ನಿನ್ನ ಅಕಾಡೆಮಿಯ ಹುಡುಗರು ದೇಸೂರಿನ ಹತ್ತಿರ ರಸ್ತೆಯ ಬದಿಗೆ ಸಾಲಾಗಿ ಓಡುತ್ತಿದ್ದರು. ಎಲ್ಲರ ಹಳದಿ ಬನಿಯನ್ನಿನ ಬೆನ್ನ ಮೇಲೂ ದೊಡ್ಡದಾಗಿ ‘ಹೋಗು!’ ಎಂದು ಬರೆದಿತ್ತು. ನಮ್ಮ ಬಸ್ಸಿಗೇ ಹೇಳುತ್ತಿದ್ದಾರೆ ಎಂದು ಮೊದಲು ನಗು ಬಂತು. ಆಮೇಲೆ ಅದು ಯಾರ ಮಾತೆಂದು ಹೊಳೆಯಿತು. ಕಣ್ಣಿನ ಡಾಕ್ಟರನ್ನು ಬಿಟ್ಟು ಸೀದಾ ನಿನ್ನ ಅಕಾಡೆಮಿಗೆ ಬಂದೆ. ನೀನಿರಲಿಲ್ಲ. ಕಾವಲಿನ ಉಳವಪ್ಪ ಗೇಟಿನ ಬಳಿ ನಿಲ್ಲಿಸಿದ್ದ ಕಲ್ಲಿನ ಬಟ್ಟೆ ಸರಿಸಿ, “ನೋಡ್ರಿ ಅಕ್ಕೋರ, ಹದಿನಾರನೇ ತಾರೀಕಿಗೆ ಕಲಂದರ ಅವರ ಹೆಂಡ್ತಿ ಕೈಲೆ ಉದ್ಘಾಟನಾ ಐತ್ರಿ” ಎಂದು ಹಿಗ್ಗಿನಿಂದ ತೋರಿಸಿದ. ಒಂದು ಕಡೆ ನಿನ್ನ ಅಪ್ಪನ ಚಿತ್ರ, ಇನ್ನೊಂದು ಕಡೆ ಅವರ ಗೆಳೆಯ ಕಲಂದರನದು. ನಡುವೆ ‘ಹೋಗು!’. ಅದರ ಕೆಳಗೆ ‘ಗೆಳೆಯನಿಗೆ ವೀರ ಕಲಂದರನ ಕೊನೆಯ ಮಾತು’.

ಶಶಿ, ಆ ‘ಗು’ ನಿನಗೆ ಕೊಟ್ಟವರು ಯಾರು?

ನಿನಗೆ ಗೊತ್ತಿಲ್ಲದ ಸಂಗತಿಯಲ್ಲ. ಆದರೂ ಬರೆಯುತ್ತೇನೆ, ಓದಿ ನಾಚಿಕೊ. ಎಪ್ಪತ್ತೊಂದರ ಯುದ್ಧದಲ್ಲಿ, ಪೂರ್ವದ ಗಡಿಯಾಚೆ, ಮುಂದೆ ಹೋದ ತುಕಡಿಯೊಂದು ಶತ್ರುವಿನ ಗುಂಡಿಗೆ ಸಿಕ್ಕಿತು. ಜೀವ ಉಳಿದದ್ದು ಇಬ್ಬರದು, ಒಬ್ಬ ಕ್ಯಾಪ್ಟನ್, ಇನ್ನೊಬ್ಬ ಕಲಂದರ. ಇಬ್ಬರೂ ಗಾಯಗೊಂಡು ನಾಲೆಯ ಆಚೆ ದಂಡೆಯಲ್ಲಿ ಬಿದ್ದಿದ್ದರು. ಅವರನ್ನು ಎತ್ತಿ ತರಲು ನಾಲ್ವರನ್ನು ಕಳಿಸಿದರು. ಆಚೆ ದಂಡೆ ಮುಟ್ಟಿದವರು ನಿನ್ನ ಅಪ್ಪ ಒಬ್ಬರೇ. ಅವರು ಹೊರಬಹುದಾಗಿದ್ದದ್ದು ಒಬ್ಬನನ್ನು. ಕ್ಯಾಪ್ಟನ್‌ಗೆ ಎಚ್ಚರವಿರಲಿಲ್ಲ, ಅವರನ್ನೇ ಮೊದಲು ತರಬೇಕೆಂದು ಹುಕುಂ ಇತ್ತು. ಆದರೆ ಒಂದೇ ಓಣಿಯಲ್ಲಿ ಗೋಲಿ ಆಡಿ ಬೆಳೆದ ಗೆಳೆಯ ಕಣ್ಣು ಬಿಟ್ಟುಕೊಂಡು ನೋಡುತ್ತಿದ್ದಾನೆ. ಅಪ್ಪ ಬಗ್ಗಿ, “ಕಲಂದರ, ನಿನ್ನ ಮೊದಲ ಒಯ್ಯಲೇನೋ?” ಎಂದು ಕೇಳಿದರು. ಕಲಂದರ “ಹೋ” ಎಂದ. ಅಷ್ಟರಲ್ಲಿ ಪಕ್ಕದಲ್ಲೇ ಬಾಂಬು ಬಿತ್ತು, ಮುಂದೇನೂ ಕೇಳಿಸಲಿಲ್ಲ. ಅಪ್ಪ ಕ್ಯಾಪ್ಟನ್ನನ್ನು ಹೊತ್ತು ನಾಲೆ ದಾಟಿದರು. ಮರಳಿ ಹೋಗುವಷ್ಟರಲ್ಲಿ ಕಲಂದರ ತೀರಿಕೊಂಡಿದ್ದ.

ಮರಾಠಿಯಲ್ಲಿ ‘ಹೋ’ ಎಂದರೆ ಹೌದು. ಹೌದು, ನನ್ನನ್ನೇ ಮೊದಲು ಒಯ್ಯಿ ಎಂದು. ಕನ್ನಡದ ‘ಹೋಗು’ ಅರ್ಧಕ್ಕೆ ನಿಂತಿದ್ದರೆ, ನನ್ನನ್ನು ಬಿಡು, ಅವರನ್ನು ಕರೆದುಕೊಂಡು ಹೋಗು ಎಂದು. ಕಲಂದರ ಮನೆಯಲ್ಲಿ ಉರ್ದು, ಪೇಟೆಯಲ್ಲಿ ಮರಾಠಿ, ನಿನ್ನ ಅಪ್ಪನ ಜೊತೆ ಕನ್ನಡ ಮಾತನಾಡುವವನು, ಒಮ್ಮೊಮ್ಮೆ ಒಂದೇ ಉಸಿರಿಗೆ ಮೂರನ್ನೂ ಕಲಸುವವನು. ಬೇರೆ ಊರಿನವನಾಗಿದ್ದರೆ ಆ ಮಾತಿಗೆ ಒಂದೇ ಅರ್ಥ ಇರುತ್ತಿತ್ತು. ಖಾನಾಪುರದವನಾದದ್ದಕ್ಕೆ ಎರಡಾಯಿತು.

ನೀನು ಚಿಕ್ಕವನಿದ್ದಾಗ ಹಾಲಿನವನಿಗೆ ‘ಹೋ’ ಎಂದು ಅಪ್ಪನಿಂದ ಕೆನ್ನೆಗೆ ಹೊಡೆಸಿಕೊಂಡದ್ದು ಮರೆತೆಯಾ? “ಹೌದ ಅನ್ನು, ಇಲ್ಲಾ ಹೋಗ ಅನ್ನು. ಅರ್ಧಾ ಮಾತಾಡಬ್ಯಾಡ!” ಎಂದು ಹೊಡೆದು, ಆಮೇಲೆ ನಿನ್ನನ್ನು ತೊಡೆಯ ಮೇಲೆ ಕೂರಿಸಿಕೊಂಡು ತಾವೇ ಅತ್ತರು. ನಿನ್ನ ಮೇಲೆ ಅವರು ಕೈ ಎತ್ತಿದ್ದು ಅದೊಂದೇ ಸಲ. ಇಷ್ಟೆಲ್ಲ ಗೊತ್ತಿದ್ದೂ ನಾನು ಫೋನಿನಲ್ಲಿ ಕೇಳಿದಾಗ ಏನೆಂದೆ? “ಅವ್ವಾ, ಕಲ್ಲಿನ ಮ್ಯಾಲೆ ಅರ್ಧಾ ಶಬ್ದ ಕೆತ್ತಸಾಕ ಬರ್ತೈತೇನು? ಹುಡುಗೂರಿಗೆ ಸ್ಫೂರ್ತಿ ಬೇಕು.” ಸ್ಫೂರ್ತಿಯಂತೆ! ಯಾರದೋ ದುಡ್ಡು, ಯಲ್ಲಮ್ಮನ ಜಾತ್ರೆ ಎನ್ನುತ್ತಾರೆ. ನೀನು ಯಾರದೋ ಸಾವಿನಲ್ಲಿ ನಿನ್ನ ಅಕಾಡೆಮಿಯ ಜಾತ್ರೆ ಮಾಡುತ್ತಿದ್ದೀ. ಮೂವತ್ತು ವರ್ಷ ಶಾಲೆಯಲ್ಲಿ ಮಕ್ಕಳ ಅಕ್ಷರ ತಿದ್ದಿದವಳು ನಾನು. ‘ಬಿಟ್ಟ ಸ್ಥಳ ತುಂಬಿರಿ’ ಎಂದು ಹಲಗೆಯ ಮೇಲೆ ಎಷ್ಟು ಸಲ ಬರೆದಿದ್ದೇನೋ ಲೆಕ್ಕವಿಲ್ಲ. ಸತ್ತವನ ಬಾಯಲ್ಲಿ ಬಿಟ್ಟ ಸ್ಥಳ ತುಂಬಲು ನಿನಗೆ ಯಾರು ಹೇಳಿದರು?

ಅದು ‘ಹೋಗು’ ಆಗಿರಲಿ ಎಂದು ನನಗೇನು ಆಸೆ ಇರಲಿಲ್ಲವೇ? ಇತ್ತು, ಈಗಲೂ ಇದೆ. ಅಪ್ಪ ಆಸ್ಪತ್ರೆಯಲ್ಲಿ ಕೊನೆಯ ಸಲ ನನ್ನನ್ನು ಹತ್ತಿರ ಕರೆದು, “ಶಿವಲಿಂಗಿ, ಅಂವಾ ಹೋಗ ಅಂತನ ಅಂದಿರಬೇಕಲ್ಲ?” ಎಂದು ಕೇಳಿದರು. ಹೂಂ ಎಂದಿದ್ದರೆ ಮುಗಿಯುತ್ತಿತ್ತು, ಸಮಾಧಾನದಿಂದ ಕಣ್ಣು ಮುಚ್ಚುತ್ತಿದ್ದರು. ಆದರೆ ಗೊತ್ತಿಲ್ಲದ್ದನ್ನು ಹೇಗೆ ಹೇಳಲಿ? ಅವರ ಕೈ ಹಿಡಿದುಕೊಂಡೆ, ಅಷ್ಟೇ. ಸಾಯುವ ಗಂಡನಿಗೆ ನಾನು ಕೊಡದ ಅಕ್ಷರವನ್ನು ನೀನು ಬನಿಯನ್ನಿನ ಮೇಲೆ ಅಚ್ಚು ಹಾಕಿಸಿದ್ದೀಯಲ್ಲೋ!

ಆ ಕಲ್ಲನ್ನು ತೆಗೆಸು. ಬನಿಯನ್ನುಗಳು ನೆಲ ಒರೆಸಲಾದರೂ ಬಂದಾವು. ಮೇಘಾಳಿಗೆ ಆಶೀರ್ವಾದ ತಿಳಿಸು. ಸಿಟ್ಟು ಎಷ್ಟೇ ಇರಲಿ, ಗುಳಿಗೆ ಮಾತ್ರ ತಪ್ಪಿಸಬೇಡ.

ನಿನ್ನ ಅವ್ವ,
ಶಿವಲಿಂಗವ್ವ

ತಾ.ಕ.: ಲಕೋಟೆ ಅಂಟಿಸುವಷ್ಟರಲ್ಲಿ ಕಲಂದರನ ಹೆಂಡತಿ ನಜ್ಮುನ್ನಿಸಾ ಬಂದಳು, ನಿನ್ನ ಆಮಂತ್ರಣ ಪತ್ರಿಕೆ ಹಿಡಿದುಕೊಂಡು. ಯುದ್ಧ ಮುಗಿದ ಮೇಲೆ ಅಪ್ಪ ಅವಳ ಬಾಗಿಲಿಗೆ ಹೋಗಿ, ಕೇಳಿಸಿದ್ದನ್ನು ಕೇಳಿಸಿದಷ್ಟೇ ಹೇಳಿದ್ದರು. ಅದು ಅವಳಿಗೆ ನೆನಪಿದೆ. ಉದ್ಘಾಟನೆಗೆ ಹೋಗಬೇಡ ಎಂದೆ, ಕೇಳಲಿಲ್ಲ. ಬಟ್ಟೆ ಸರಿಸಿ, ಎಲ್ಲರ ಎದುರು ಮೈಕಿನಲ್ಲಿ ನಿನ್ನನ್ನು ಒಂದೇ ಮಾತು ಕೇಳುತ್ತಾಳಂತೆ. ನನ್ನೆದುರು ಅಂದದ್ದನ್ನು ಹಾಗೇ ಬರೆಯುತ್ತಿದ್ದೇನೆ, ಉತ್ತರ ಹುಡುಕಿಟ್ಟುಕೊ: “ಐವತ್ತ ವರ್ಷದ ಮ್ಯಾಲಾತು, ಆ ಒಂದ ಅಕ್ಷರ ನಾ ಹುಡುಕಾಕತ್ತೀನಿ. ನಿನಗ ಎಲ್ಲಿ ಸಿಕ್ತಪಾ?”